ನೋಡಿ ಮುಚ್ಚಿದ ಪೆಟ್ಟಿಗೆ

ಇದನ್ನು ಹೇಳಲು ಹೊರಟಿದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಕಂಪ್ಯೂಟರಿನ ತೆರೆಯ ಮೇಲೆ ಅಂಗೈಯಗಲ ತೆರೆದು ಮುಚ್ಚುವ ಒಂದು ಕಿಟಕಿಯ ಸಂಗತಿ ಇದು. ಇದರಲ್ಲಿ ಸಾವಿಲ್ಲ, ಮದುವೆಯಿಲ್ಲ. ಕಂಪ್ಯೂಟರ್ ಬಲ್ಲವರಿಗೆ ಇಷ್ಟು ಸಣ್ಣ ತಪ್ಪಿಗೆ ಕಥೆಯೇ ಅನ್ನಿಸಬಹುದು. ಬಾರದವರಿಗೆ ಇದರಲ್ಲೇನಿದೆ ಅನ್ನಿಸಬಹುದು. ಆದರೆ ಆ ಕಿಟಕಿಯಿಂದಾಗಿ ಒಬ್ಬ ಮನುಷ್ಯ ತನ್ನ ಕಣ್ಣನ್ನೇ ನಂಬದ ಹಾಗಾಯಿತು. ಅದನ್ನು ಹೇಳದೆ ಬಿಡುವುದೂ ಸರಿ ಅನ್ನಿಸಲಿಲ್ಲ.

ಬಳ್ಳಾರಿಯ ಕೌಲ್ ಬಜಾರಿನ ಹಿಂದಿನ ಓಣಿಯಲ್ಲಿ ಸಂಗಮೇಶನ ಜೀನ್ಸ್ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಕೆಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೇಲೆ ಇಪ್ಪತ್ತು ಹೊಲಿಗೆ ಯಂತ್ರ, ಮೆಟ್ಟಿಲ ಕೆಳಗೆ ದಾರದ ಕೋಣೆ. ಇಲ್ಲಿ ಹೊಲಿದು ತೀರದಷ್ಟು ಕೆಲಸ ಬಂದಾಗ ಕತ್ತರಿಸಿದ ಬಟ್ಟೆಯನ್ನು ಬಂಡಲ್ ಕಟ್ಟಿ, ಮೇಲೊಂದು ಚೀಟಿ ಅಂಟಿಸಿ, ಸಿರುಗುಪ್ಪದ ಶೆಡ್ಡಿಗೆ ಟೆಂಪೋದಲ್ಲಿ ಕಳಿಸುತ್ತಾರೆ. ಯಾವ ಲಾಟಿಗೆ, ಎಂದರೆ ಒಂದೇ ಸಲಕ್ಕೆ ಕತ್ತರಿಸಿದ ಯಾವ ಕಂತಿಗೆ, ಯಾವ ಬಣ್ಣದ ದಾರ ಎಂಬುದು ಆ ಚೀಟಿಯ ಮೇಲೆ ಒಂದು ಚೌಕದಲ್ಲಿ ಅಚ್ಚಾಗಿರುತ್ತದೆ.

ಆ ಚೀಟಿ ಬರುವ ಪ್ರೋಗ್ರಾಮ್ ಬರೆದವಳು ಗಂಗೋತ್ರಿ. ಬಿ.ಕಾಂ. ಎರಡನೇ ವರ್ಷಕ್ಕೆ ನಿಂತಿತ್ತು. ಹಗಲು ಈ ಕಾರ್ಖಾನೆಯ ಮುಂದಿನ ಕೋಣೆಯಲ್ಲಿ ಬಿಲ್ ಬರೆಯುತ್ತಾ, ಸಂಜೆ ಆರರಿಂದ ಎಂಟರವರೆಗೆ ಟೈರ್ ಅಂಗಡಿಯೊಂದರ ಮಾಳಿಗೆಯ ಮೇಲೆ ನಡೆಯುವ ತರಗತಿಯಲ್ಲಿ ಎರಡು ವರ್ಷ ಪ್ರೋಗ್ರಾಮಿಂಗ್ ಕಲಿತಿದ್ದಳು. ಕಲಿತದ್ದರ ಮೇಲೆ ಅವಳಿಗೆ ಪೂರ್ತಿ ಭರವಸೆ ಇರಲಿಲ್ಲ. ಮನೆಯಿಂದ ಹೊರಟ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಓಣಿಯ ತುದಿಯಿಂದ ತಿರುಗಿ ಬರುವ ಜಾತಿ ಅವಳದು. ಬರೆದ ಪ್ರೋಗ್ರಾಮನ್ನು ದಿನಕ್ಕೆ ನಾಲ್ಕು ಸಲ ತೆರೆದು ನೋಡುತ್ತಿದ್ದಳು.

ಅದರಲ್ಲಿ ಎಲ್ಲರಿಗೂ ಮೆಚ್ಚಿಗೆಯಾಗಿದ್ದು ಬಣ್ಣ ಆರಿಸುವ ಕಿಟಕಿ. ಅದನ್ನು ಅವಳು ಹೊಸದಾಗಿ ಮಾಡಿದ್ದಲ್ಲ, ವಿಂಡೋಸಿನಲ್ಲಿ ಸಿದ್ಧವಾಗಿಯೇ ಇರುತ್ತದೆ, ಕರೆದರೆ ಬರುತ್ತದೆ. ಎಡಕ್ಕೆ ಸಾಲು ಸಾಲು ಬಣ್ಣದ ಚೌಕಗಳು, ಬಲಕ್ಕೆ ಕಾಮನಬಿಲ್ಲನ್ನು ಹಿಂಡಿ ಹರಡಿದಂಥ ಹಾಸು, ಅದರ ಕೆಳಗೆ ಈಗ ಇರುವ ಬಣ್ಣ ತೋರಿಸುವ ಡಬ್ಬಿ. ಓಕೆ, ಕ್ಯಾನ್ಸಲ್ ಎಂಬ ಎರಡು ಗುಂಡಿ, ಮೇಲ್ಗಡೆ ಮೂಲೆಯಲ್ಲಿ ಮುಚ್ಚುವ ಗುರುತು. ಕಾರ್ಖಾನೆಯವರು ಅದಕ್ಕೆ ಬಣ್ಣದ ಪೆಟ್ಟಿಗೆ ಎಂದು ಹೆಸರಿಟ್ಟರು.

ಪ್ರೋಗ್ರಾಮ್ ಮೊದಲ ಸಲ ಓಡಿಸಿದ ದಿನ ಸಂಗಮೇಶನ ತಾಯಿ ಗುರುಬಸಮ್ಮ ಕುಂಕುಮದ ಬಟ್ಟಲು ಹಿಡಿದು ಬಂದಿದ್ದರು. ತೆರೆಗೆ ಕುಂಕುಮ ಹಚ್ಚಲು ಕೈ ಚಾಚಿದವರು ಅರ್ಧಕ್ಕೇ ನಿಂತರು. ತೆರೆಯ ಮೇಲಿದ್ದ ಹೊಸ ಲಾಟಿನ ಚೀಟಿಯಲ್ಲಿ ಖಾಲಿ ಚೌಕ ಕಪ್ಪಗಿತ್ತು.

"ಇದೇನವ್ವಾ, ಮೊದಲ್ನೇ ದಿನಾನ ಕರೇದು?"

"ಅದು ತಾನ ಹಂಗ ಬರ್ತೈತ್ರಿ ಅಮ್ಮ. ಬಣ್ಣ ಆರಿಸೋತನಕ ಅಷ್ಟ."

"ತಾನ ಬರಾಕ ಅದೇನು ಮಳಿಯೇನ? ನೀ ಬರದಿದ್ದಲ್ಲ? ಹೊಸ ಹೊತ್ತಿಗಿಗೆ ಮೊದಲು ಅರಿಶಿಣ ಹಚ್ತೀವಿ. ಇದಕ್ಕೂ ಅರಿಶಿಣ ಹಾಕು. ಯಾರೇನು ಆರಿಸ್ಲಿ ಬಿಡ್ಲಿ, ಕರೇದು ಮಾತ್ರ ಕೂಡಬಾರ್ದು."

ಸಂಗಮೇಶ ನಕ್ಕ. ಗಂಗೋತ್ರಿ ನಗಲಿಲ್ಲ. ಆ ಮಧ್ಯಾಹ್ನವೇ ಕೂತು ಬದಲಿಸಿದಳು. ಅವಳು ಬರೆದ ಸಾಲುಗಳನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಮೊದಲು ಅರಿಶಿಣವನ್ನು ಕೈಗೆ ತಗೋ. ಪೆಟ್ಟಿಗೆಯಲ್ಲಿ ಓಕೆ ಒತ್ತಿದರೆ, ಅರಿಶಿಣ ಬಿಟ್ಟು ಆರಿಸಿದ ಬಣ್ಣ ತಗೋ. ಕೈಯಲ್ಲಿ ಇರುವುದನ್ನು ಲಾಟಿಗೆ ಬರೆದಿಡು. ಹತ್ತು ಸಲ ಬೇರೆ ಬೇರೆ ಬಣ್ಣ ಆರಿಸಿ, ಹತ್ತು ಸಲ ಓಕೆ ಒತ್ತಿ ನೋಡಿದಳು. ಹತ್ತೂ ಸರಿ ಬಂದವು. ಗುರುಬಸಮ್ಮ ಬಟ್ಟಲಿನಲ್ಲಿ ಉಳಿದ ಕುಂಕುಮವನ್ನು ಅವಳ ಹಣೆಗೇ ಹಚ್ಚಿದರು.

ದಾರದ ಕೋಣೆಯ ಮಾರೆಣ್ಣನಿಗೆ ಅರವತ್ತು ಸಮೀಪಿಸಿತ್ತು. ಕುರುಗೋಡಿನವನು, ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದುಬಿಡುತ್ತಿದ್ದ. ಸಂಗಮೇಶನ ಅಪ್ಪ ಒಂದೇ ಯಂತ್ರ ಇಟ್ಟುಕೊಂಡಿದ್ದ ಕಾಲದಿಂದ ದಾರ ಕೊಡುವವನು ಅವನೇ. ನೀಲಿಯಲ್ಲೇ ಹದಿನೇಳು ನೀಲಿ ಬೇರೆ ಮಾಡುತ್ತಿದ್ದ. ಅವನ ಹತ್ತಿರ ಒಂದು ತಗಡಿನ ಪೆಟ್ಟಿಗೆ ಇತ್ತು. ಪ್ರತಿ ಲಾಟಿಗೂ ಒಂದು ರಟ್ಟಿನ ಚೂರು, ಅದಕ್ಕೆ ಗೇಣುದ್ದ ದಾರ ಸುತ್ತಿ, ಹಿಂದೆ ಲಾಟಿನ ನಂಬರು ಬರೆದು ಅದರಲ್ಲಿ ಇಡುತ್ತಿದ್ದ. ಅನುಮಾನ ಬಂದಾಗ ಮುಚ್ಚಳ ತೆಗೆದು, ನೋಡಿ, ಮುಚ್ಚುವುದು. ಕಂಪ್ಯೂಟರ್ ಬಂದ ಮೇಲೂ ರಟ್ಟು ಸುತ್ತುವುದನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಗಂಗೋತ್ರಿ ಬರುವ ಮುಂಚೆಯೇ ಅವಳ ಕುರ್ಚಿಯಲ್ಲಿ ಕೂತು ಹಿಂದಿನ ದಿನ ಅವಳು ಲಾಟುಗಳಿಗೆ ಆರಿಸಿಟ್ಟ ಬಣ್ಣವನ್ನು ಒಂದೊಂದಾಗಿ ತೆರೆದು ತಾಳೆ ನೋಡುತ್ತಿದ್ದ. ಅವನು ನೋಡಿದ ಮೇಲೆ ಅವಳು ಚೀಟಿ ಅಚ್ಚು ಹಾಕುವುದು ರೂಢಿ.

ಶ್ರಾವಣ ಕಳೆದು ಎರಡು ವಾರಕ್ಕೆ ಸಿರುಗುಪ್ಪದಿಂದ ಟೆಂಪೋ ಬಂತು. ಮುನ್ನೂರ ಅರವತ್ತು ಪ್ಯಾಂಟು. ಗಟ್ಟಿ ನೀಲಿ ಬಟ್ಟೆಗೆ ಅದೇ ನೀಲಿಯ ದಾರ ಹಾಕಬೇಕು, ಹೊಲಿಗೆ ಕಣ್ಣಿಗೆ ಬೀಳಬಾರದು ಎಂದು ಕೊಳ್ಳುವವರು ಎರಡು ಸಲ ಹೇಳಿದ್ದರು. ಬಂಡಲ್ ಬಿಚ್ಚಿದರೆ ಎಲ್ಲದರ ಮೇಲೂ ಹಳದಿ ಹೊಲಿಗೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

ಹೀಗಾಗಿದ್ದು ಇದು ಎರಡನೇ ಸಲ. ಆಷಾಢದಲ್ಲಿ ಒಂದು ಕಪ್ಪು ಲಾಟಿಗೆ ಬೂದು ದಾರದ ಬದಲು ಹಳದಿ ಬಿದ್ದಿತ್ತು. ಆಗ ಸಂಗಮೇಶ ಸುಮ್ಮನಿದ್ದ.

"ಮಾರೆಣ್ಣ, ಬೆಳಿಗ್ಗೆ ಇದನ್ನ ನೋಡಿದ್ದ್ಯಾ ಇಲ್ಲಾ?" ಎಂದ ಈಗ. ಅವನು ಮಾರೆಣ್ಣನ ಹೆಗಲ ಮೇಲೆ ಕೂತು ಬೆಳೆದವನು. ಕೂಗಲಿಲ್ಲ. ಕೂಗಿದ್ದರೇ ಚೆನ್ನಾಗಿತ್ತು.

"ನೋಡೀನಪ್ಪ. ದಾರದ ಕೋನು ಹಿಡದು ನೋಡೀನಿ. ನೀಲಿ ಐತಿ ಅಂತ ಬಿಟ್ಟೀನಿ."

"ಕಂಪ್ಯೂಟರ್‍ನಾಗ ಹಳದಿ ಐತಿ. ಇಲ್ಲಿ ನೋಡು. ನಿನ್ನ ಬಿಟ್ರ ಯಾರೂ ಮುಟ್ಟಿಲ್ಲ."

ಮಾರೆಣ್ಣ ತೆರೆಯ ಹತ್ತಿರ ಬಗ್ಗಿದ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ.

ಸಂಗಮೇಶ ಅವತ್ತೇ ಅವನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಬಲಗಣ್ಣಿಗೆ ಪೊರೆ ಬರಲು ಶುರುವಾಗಿದೆ, ಇಂಥವರಿಗೆ ಬಣ್ಣಗಳು ಸ್ವಲ್ಪ ಹಳದಿಗೆ ತಿರುಗಿ ಕಾಣುವುದುಂಟು, ಅವಸರವೇನಿಲ್ಲ, ಮುಂದೆ ಆಪರೇಷನ್ ಮಾಡಿಸಬಹುದು ಎಂದರು ಡಾಕ್ಟರು. ಹಳದಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಯಾರಿಗೂ ಮತ್ತೇನೂ ಬೇಕಾಗಲಿಲ್ಲ.

"ಸೋಮವಾರದಿಂದ ದಾರಕ್ಕ ಬ್ಯಾರೆಯವ್ನು ಬರ್ತಾನ. ನೀನು ಗುಂಡಿ, ಲೇಬಲ್ ನೋಡ್ಕೊಂಡು ಮ್ಯಾಲೆ ಕುಂದ್ರು ಮಾರೆಣ್ಣ. ಪಗಾರ ಅಷ್ಟ ಇರ್ತೈತಿ," ಎಂದ ಸಂಗಮೇಶ.

"ಪಗಾರದ ಮಾತಲ್ಲಪ್ಪ ಇದು," ಎಂದು ಮಾರೆಣ್ಣ ತಗಡಿನ ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿಕೊಂಡ. ನಾಲ್ಕು ಗಂಟೆಯ ಬಸ್ಸಿಗೇ ಹೊರಟುಹೋದ. ಅದು ಗುರುವಾರ.

ತಪ್ಪು ತನ್ನದಿರಬಹುದು ಎಂಬುದು ಗಂಗೋತ್ರಿಯ ಮೊದಲ ಯೋಚನೆ. ಪಕ್ಕದ ಮನೆಯ ಹಾಲು ಉಕ್ಕಿದರೂ ಅವಳಿಗೆ ಮೊದಲು ಹಾಗೇ ಅನ್ನಿಸುತ್ತದೆ. ಶುಕ್ರವಾರ ಪೂರ್ತಿ ಪ್ರೋಗ್ರಾಮನ್ನು ತೆರೆದು ಪರೀಕ್ಷೆ ಮಾಡಿದಳು. ನೀಲಿ ಆರಿಸಿದರೆ ನೀಲಿ, ಬೂದು ಆರಿಸಿದರೆ ಬೂದು, ನೂರಕ್ಕೆ ನೂರು. ಸರಿಯಿದೆ ಎಂದು ಕಂಡಷ್ಟೂ ಭಯ ಹೆಚ್ಚಾಯಿತು. ಸರಿಯಿದ್ದರೆ ಮಾರೆಣ್ಣನ ಕಣ್ಣೇ ಹೋಗಿದೆ ಎಂದಾಗುತ್ತದಲ್ಲ.

ಶನಿವಾರ ಟೆಂಪೋದಲ್ಲಿ ತಾನೂ ಸಿರುಗುಪ್ಪಕ್ಕೆ ಹೋದಳು. ಕಾಲುವೆಯ ಎರಡೂ ಕಡೆ ನಾಟಿ ಮುಗಿದು ಗದ್ದೆ ಹಸಿರಾಗಿತ್ತು. ಎಷ್ಟು ಹಸಿರು, ಬಣ್ಣದ ಪೆಟ್ಟಿಗೆಯಲ್ಲಿ ಇದಕ್ಕೆ ಯಾವ ನಂಬರು ಎಂದು ದಾರಿಯುದ್ದಕ್ಕೂ ತಲೆಯಲ್ಲಿ ಲೆಕ್ಕ ಹಾಕಿದಳು. ಶೆಡ್ಡಿನ ಮೇಲ್ವಿಚಾರಣೆ ನೋಡುವ ಭಾಗ್ಯ ಅವಳನ್ನು ಕಂಡದ್ದೇ ಯಂತ್ರ ನಿಲ್ಲಿಸಿದಳು.

"ಬಾರವ್ವ ಕಂಪ್ಯೂಟರಮ್ಮ! ನಮ್ಮನ್ನ ಬೈಯಾಕ ಬಂದೀಯೇನ? ಚೀಟ್ಯಾಗ ಅರಿಶಿಣ ಇತ್ತು, ಅರಿಶಿಣ ಹಾಕಿದ್ವಿ. ಕುಂಕುಮ ಇದ್ದಿದ್ರ ಕುಂಕುಮ ಹಾಕ್ತಿದ್ವಿ."

"ಬೈಯಾಕಲ್ಲಕ್ಕ. ಆ ಚೀಟಿ ಐತೇನು?"

ಇತ್ತು. ಅಚ್ಚಾದ ಚೌಕ ಹಳದಿಯೇ. ಅಚ್ಚು ಹಾಕಿದವಳು ತಾನೇ, ಆಗ ನೋಡಿಯೂ ಇದ್ದಳು. ಜೀನ್ಸಿಗೆ ಹಳದಿ ದಾರ ಹೊಸದೇನಲ್ಲ, ನೂರರಲ್ಲಿ ಎಪ್ಪತ್ತು ಲಾಟಿಗೆ ಅದೇ. ಚೌಕ ಕಪ್ಪಗೆ ಬಂದಿದ್ದರೆ ಇದೇನಿದು ಎಂದು ಕೈ ನಿಲ್ಲುತ್ತಿತ್ತೋ ಏನೋ.

"ಇದೊಂದ ಯಾಕ ಹುಡುಕ್ತಿ," ಎಂದಳು ಭಾಗ್ಯ, ಬಾಯಿಂದ ದಾರ ಕಡಿಯುತ್ತಾ. "ನೀವು ಬಳ್ಳಾರ್‍ಯಾಗ ಹೊಲಿಯೋದೂ ಅದ ಕಂಪ್ಯೂಟರಿನ ಲೆಕ್ಕದಾಗ ಅಲ್ಲೇನ? ಅಲ್ಲಿ ಯಾಕ ತಪ್ಪಲ್ಲ?"

ಗಂಗೋತ್ರಿ ಟೆಂಪೋದಲ್ಲಿ ಹಿಂದಿರುಗುವಾಗ ಅದನ್ನೇ ಮೆಲುಕು ಹಾಕಿದಳು. ಬಳ್ಳಾರಿಯಲ್ಲಿ ಹೊಲಿಯುವ ಲಾಟಿಗೆ ದಾರವನ್ನು ಮಾರೆಣ್ಣನೇ ಕೈಯಾರೆ ಎತ್ತಿಕೊಡುತ್ತಾನೆ, ಚೀಟಿ ಯಾರೂ ನೋಡುವುದಿಲ್ಲ. ಅವನ ಕಣ್ಣು ಕೆಟ್ಟಿದ್ದರೆ ಅಲ್ಲಿ ತಪ್ಪಾಗಬೇಕಿತ್ತು. ಚೀಟಿಯನ್ನು ನಂಬುವವರು ಸಿರುಗುಪ್ಪದವರು ಮಾತ್ರ. ತಪ್ಪಾದದ್ದು ಅಲ್ಲಿ. ಹಳದಿಯಲ್ಲದ ದಾರದ ಲಾಟು ಅಲ್ಲಿಗೆ ಹೋಗಿದ್ದೂ ಈ ಎರಡೇ.

ಭಾನುವಾರ ಹಳೆಯ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಕುರುಗೋಡಿನ ಬಸ್ ಹತ್ತಿದಳು. ಮಾರೆಣ್ಣನ ಮನೆ ಗುಡ್ಡದ ಬುಡಕ್ಕೆ ಹತ್ತಿರ, ಹಿಂದೆ ದೊಡ್ಡ ದೊಡ್ಡ ಬಂಡೆಗಳು. ಅವನು ಕಟ್ಟೆಯ ಮೇಲೆ ಬಿಸಿಲಿಗೆ ಕೂತು ತಗಡಿನ ಪೆಟ್ಟಿಗೆಯ ರಟ್ಟುಗಳನ್ನು ಒಂದೊಂದಾಗಿ ಹೆಂಡತಿಗೆ ತೋರಿಸುತ್ತಿದ್ದ.

"ಇದು?"

"ನೀಲಿ," ಎಂದಳು ಮಾರೆಮ್ಮ.

"ನೀಲಿ ನನಗೂ ಗೊತ್ತೈತಿ. ಎಂಥಾ ನೀಲಿ?"

"ನೀಲಿ ಅಂದ್ರ ನೀಲಿ. ಮುಂಜಾನಿಂದ ಇದ ಆತು ನೋಡವ್ವ," ಎಂದು ಗಂಗೋತ್ರಿಯ ಕಡೆ ತಿರುಗಿದಳು. "ನಾ ಸರಿ ಅಂದ್ರ ನಂಬಂಗಿಲ್ಲ, ತಪ್ಪು ಅಂದ್ರ ಅಳ್ತಾನ. ಮಂಡಕ್ಕಿ ಒಗ್ಗರಣಿ ಮಾಡ್ತೀನಿ, ಕುಂದ್ರು. ಮೆಣಸಿನಕಾಯಿನೂ ಕರದು ಬಿಡ್ತೀನಿ."

"ಯಾರು ಅಳ್ತಾರಲೇ," ಎಂದ ಮಾರೆಣ್ಣ.

ಗಂಗೋತ್ರಿ ಲ್ಯಾಪ್‌ಟಾಪ್ ತೆರೆದು ಅವನ ಮುಂದಿಟ್ಟಳು. ತನ್ನ ಪ್ರೋಗ್ರಾಮಿನ ನಕಲು ಅದರಲ್ಲಿತ್ತು. ಒಂದು ಲಾಟಿಗೆ ಗಟ್ಟಿ ನೀಲಿ ಆರಿಸಿ ಇಟ್ಟಿದ್ದಳು.

"ಅಣ್ಣಾ, ಬೆಳಿಗ್ಗೆ ನೀವು ಹೆಂಗ ನೋಡ್ತೀರಿ, ಹಂಗ ಮಾಡಿ ತೋರಿಸ್ರಿ. ನಾ ಬಾಯಿ ಬಿಡಂಗಿಲ್ಲ."

"ನನ್ನ ಕಣ್ಣು ನಂಬಿ ಬಂದಿಯೇನವ್ವ? ಡಾಕ್ಟ್ರ ಪೊರಿ ಬಂದೈತಿ ಅಂದಾನ."

"ಕಣ್ಣಲ್ರಿ. ನಿಮ್ಮ ಕೈ ನೋಡಾಕ ಬಂದೀನಿ."

ಮಾರೆಣ್ಣ ಪಂಚೆಗೆ ಬೆರಳು ಒರೆಸಿಕೊಂಡ. ಲಾಟಿನ ನಂಬರಿನ ಎದುರಿಗೆ ‘ಬಣ್ಣ’ ಎಂದಿದ್ದಲ್ಲಿ ಒತ್ತಿದ. ಪೆಟ್ಟಿಗೆ ತೆರೆಯಿತು. ಕೆಳಗಿನ ಡಬ್ಬಿಯಲ್ಲಿ ಗಟ್ಟಿ ನೀಲಿ ಕಾಣಿಸಿತು. ತಗಡಿನ ಪೆಟ್ಟಿಗೆಯಿಂದ ಒಂದು ರಟ್ಟು ತೆಗೆದು ಆ ಡಬ್ಬಿಯ ಪಕ್ಕಕ್ಕೆ ಹಿಡಿದ. ತಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದ. "ಸರಿ ಐತಿ," ಎಂದು ತನಗೇ ಹೇಳಿಕೊಂಡು ಮೇಲಿನ ಮೂಲೆಯ ಗುರುತನ್ನು ಒತ್ತಿ ಮುಚ್ಚಿದ.

"ಓಕೆ ಒತ್ತಲಿಲ್ಲಲ್ರಿ?"

"ಅದನ್ನ ಯಾಕ ಒತ್ಲಿ? ಓಕೆ ಅಂದ್ರ ನಾನು ಬರದೆ ಅಂತ ರುಜು ಹಾಕಿದಂಗ. ಬರದಾಕಿ ನೀನು. ನಾ ಬರೇ ನೋಡಾಕ ತಗದಿದ್ದು. ನೋಡಿ ಮುಚ್ಚಿದೆ." ತಗಡಿನ ಮುಚ್ಚಳವನ್ನೂ ಟಪ್ ಎಂದು ಮುಚ್ಚಿದ.

ಗಂಗೋತ್ರಿ ಆ ಲಾಟಿನ ಚೀಟಿಯನ್ನು ತೆರೆಯ ಮೇಲೆ ತೆರೆದಳು. ಚೌಕ ಹಳದಿ.

ಅವಳು ಬರೆದಿದ್ದ ಸಾಲುಗಳು ಹೇಳಿದಂತೆಯೇ ನಡೆದಿದ್ದವು. ಮೊದಲು ಅರಿಶಿಣವನ್ನು ಕೈಗೆ ತಗೋ. ಓಕೆ ಒತ್ತಿದರೆ ಮಾತ್ರ ಅದನ್ನು ಬಿಡು. ಓಕೆ ಒತ್ತದವನು ಬಂದರೆ? ಹೊಸ ಲಾಟಿಗೆ ಅರಿಶಿಣ ಕೂತರೆ ಸರಿ, ಗುರುಬಸಮ್ಮ ಕೇಳಿದ್ದು ಅದೇ. ಆದರೆ ಆಗಲೇ ನೀಲಿ ಬರೆದಿಟ್ಟಿದ್ದ ಲಾಟನ್ನು ಯಾರಾದರೂ ಸುಮ್ಮನೆ ನೋಡಿ ಮುಚ್ಚಿದರೂ ನೀಲಿ ಅಳಿದು ಅರಿಶಿಣ ಕೂರುತ್ತಿತ್ತು. ನೂರು ಸಲ ಪರೀಕ್ಷೆ ಮಾಡಿದ್ದಳು, ಒಂದು ಸಲವೂ ಬರಿದೇ ನೋಡಿ ಮುಚ್ಚಿರಲಿಲ್ಲ. ಬೇರೆಯವರು ಬರೆದದ್ದನ್ನು ಕೆಡಿಸಬಾರದು ಎಂಬ ಎಚ್ಚರ ಇದ್ದವನ ಕೈಯಲ್ಲಿ ಮಾತ್ರ ಅದು ಕೆಡುತ್ತಿತ್ತು.

ಅದನ್ನು ಅವನಿಗೆ ಹೇಳಿದಳು, ಮೂರು ಸಲ ತಪ್ಪಿ, ನಾಲ್ಕನೇ ಸಲ ಅರ್ಥವಾಗುವ ಹಾಗೆ. "ನಂದ ತಪ್ಪು ಅಣ್ಣಾ. ನೀವು ನೋಡಿದಾಗ ನೀಲಿನ ಇತ್ತು. ನೀವು ಮುಚ್ಚಿದ ಕೂಡ್ಲೆ ನನ್ನ ಪ್ರೋಗ್ರಾಮು ಅದನ್ನ ಹಳದಿ ಮಾಡ್ತು."

ಮಾರೆಣ್ಣ ತಗಡಿನ ಪೆಟ್ಟಿಗೆಯ ತಳಕ್ಕೆ ಕೈ ಹಾಕಿ ಮುನ್ನೂರ ಅರವತ್ತು ಪ್ಯಾಂಟಿನ ಆ ಲಾಟಿನ ರಟ್ಟು ಹುಡುಕಿ ತೆಗೆದ. ಹಿಂದೆ ಅವನ ಅಂಕುಡೊಂಕು ಅಕ್ಷರದಲ್ಲಿ ನಂಬರಿತ್ತು, ಮುಂದೆ ಸುತ್ತಿದ್ದು ನೀಲಿ ದಾರ.

"ಮಾರೀ, ಇದು ಏನು ಬಣ್ಣ?" ಎಂದು ಒಳಗೆ ಕೂಗಿದ.

"ನೀಲಿ ಅಂದ್ನಲ್ಲೋ ಮಾರಾಯ, ಎಷ್ಟು ಸಲ ಹೇಳ್ಲಿ!"

"ನೀಲಿ," ಎಂದ ಮಾರೆಣ್ಣ. "ಅವತ್ತು ನೀಲಿನ ಕಂಡಿತ್ತು ನನಗ." ತಟ್ಟೆ ಬಂತು. ಅವನು ನಾಲ್ಕು ಮೆಣಸಿನಕಾಯಿ ತಿಂದ.

"ಕಪ್ಪು ಲಾಟಿಂದು ಎಲ್ಲೈತ್ರಿ? ಆಷಾಢದ್ದು?" ಎಂದು ಗಂಗೋತ್ರಿ ಕೇಳಿದಳು. ಪೆಟ್ಟಿಗೆಯನ್ನು ಕಟ್ಟೆಯ ಮೇಲೆ ಸುರುವಿ ಮೂವರೂ ಹುಡುಕಿದರು. ಅದರ ರಟ್ಟು ಸಿಗಲಿಲ್ಲ. ಆ ದಿನ ಜ್ವರ ಬಂದು ಅರ್ಧಕ್ಕೆ ಮನೆಗೆ ಬಂದಿದ್ದೆ, ಸುತ್ತಿದ್ದೆನೋ ಇಲ್ಲವೋ ನೆನಪಿಲ್ಲ ಎಂದ ಮಾರೆಣ್ಣ.

ಸೋಮವಾರ ಬೆಳಿಗ್ಗೆ ಇಬ್ಬರೂ ಸಂಗಮೇಶನ ಮುಂದೆ ನಿಂತರು. ಹೊಸಬ ಆಗಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಗಂಗೋತ್ರಿ ಪ್ರೋಗ್ರಾಮ್ ತೆರೆದು, ನೀಲಿ ಇಟ್ಟು, ನೋಡಿ ಮುಚ್ಚಿ, ಹಳದಿ ತೋರಿಸಿದಳು. ರಟ್ಟನ್ನೂ ಮೇಜಿನ ಮೇಲಿಟ್ಟಳು. ತನ್ನನ್ನು ಬಿಡಿಸಿ ಮನೆಗೆ ಕಳಿಸುತ್ತಾರೆ ಎಂದುಕೊಂಡೇ ಬಂದಿದ್ದಳು; ಡ್ರಾಯರಿನಲ್ಲಿದ್ದ ತನ್ನ ಬಾಚಣಿಗೆ, ಊಟದ ಡಬ್ಬಿ ಆಗಲೇ ಬ್ಯಾಗಿಗೆ ಹೋಗಿದ್ದವು.

ಸಂಗಮೇಶ ತಾನೂ ಎರಡು ಸಲ ತೆರೆದು ಮುಚ್ಚಿ ನೋಡಿದ. "ನೀ ಹೇಳ್ಲಿಲ್ಲಂದ್ರ ಇದು ಯಾರಿಗೂ ಗೊತ್ತಾಗ್ತಿದ್ದಿಲ್ಲ," ಎಂದ. ಹೊಗಳಿದ್ದೋ ಬೈದದ್ದೋ ಗಂಗೋತ್ರಿಗೆ ತಿಳಿಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಗುರುಬಸಮ್ಮ, "ಎಲ್ಲಾ ಸರಿ, ಅರಿಶಿಣದ ಮ್ಯಾಲೆ ತಪ್ಪು ಹಾಕಬ್ಯಾಡ್ರಿ ಮತ್ತ," ಎಂದರು.

"ಅರಿಶಿಣದ್ದಲ್ರಿ ಅಮ್ಮ, ಹಚ್ಚಿದಾಕೀದು."

"ಹಂಗಾರ ಆ ಕಪ್ಪು ಲಾಟು?" ಎಂದು ಸಂಗಮೇಶ ಮಾರೆಣ್ಣನ ಕಡೆ ನೋಡಿದ. "ಅದೂ ಇದರಿಂದನ ಏನು?"

ಗಂಗೋತ್ರಿಗೆ ಹೌದು ಎಂದುಬಿಡೋಣ ಅನ್ನಿಸಿತು. ಒಂದು ಮಾತು, ಅಲ್ಲಿಗೆ ಮುಗಿಯುತ್ತದೆ. ಮಾರೆಣ್ಣ ತನ್ನ ಕೋಣೆಗೆ ಹೋಗುತ್ತಾನೆ, ಅವನ ಕಣ್ಣಿನ ಮಾತು ಯಾರೂ ಎತ್ತುವುದಿಲ್ಲ. ಬಾಯಿ ತೆರೆದಳು. ಆದರೆ ಪ್ರೋಗ್ರಾಮಿನಲ್ಲಿ ಕೊನೆಗೆ ಬಂದ ಬಣ್ಣ ಮಾತ್ರ ಉಳಿಯುತ್ತಿತ್ತು, ಯಾರು ಯಾವ ಗುಂಡಿ ಒತ್ತಿದರು ಎಂಬುದನ್ನು ಅದು ಬರೆದಿಡುತ್ತಿರಲಿಲ್ಲ. ಮುಚ್ಚಿದ್ದರಿಂದ ಹಳದಿ ಬಂತೋ, ಬೂದು ಎಂದುಕೊಂಡು ಹಳದಿಯನ್ನೇ ಆರಿಸಿ ಓಕೆ ಒತ್ತಿದ್ದೋ, ಎರಡೂ ಅಲ್ಲಿ ಒಂದೇ ರೀತಿ ಕಾಣುತ್ತವೆ.

"ಇರಬಹುದು ಸಾರ್. ಗೊತ್ತಿಲ್ಲ," ಎಂದಳು.

"ನನಗೂ ಗೊತ್ತಿಲ್ಲಪ್ಪ," ಎಂದ ಮಾರೆಣ್ಣ. "ಜ್ವರ ಇತ್ತು. ಆ ದಿನ ನೀ ಹೇಳಿದ್ಯಂತ ಒಂದೆರಡು ಲಾಟಿಗೆ ನಾನ ಬಣ್ಣ ಆರಿಸಿದ್ದೆ. ಅದು ಅದರಾಗಿತ್ತೋ ಇಲ್ಲೋ ನೆನಪಿಲ್ಲ."

ಸಂಗಮೇಶ ರಟ್ಟನ್ನು ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲಿಟ್ಟ. ಆಮೇಲೆ ಹೊರಗೆ ಹೋಗಿ ಹೊಸಬನಿಗೆ, "ಮ್ಯಾಲೆ ಗುಂಡಿ ವಿಭಾಗದಾಗ ಜಾಗ ಐತಿ, ಬರ್ತೀಯೇನಪ್ಪ?" ಎಂದು ಕೇಳಿದ. ಮಾರೆಣ್ಣನ ಕಡೆ ತಿರುಗಿ, "ದೀಪಾವಳಿ ಆದ ಮ್ಯಾಲೆ ಆಪರೇಷನ್. ಆಗಂಗಿಲ್ಲ ಅನ್ನಂಗಿಲ್ಲ. ಅಲ್ಲಿತನಕ ಸಿರುಗುಪ್ಪದ ಬಂಡಲ್ ಮ್ಯಾಲೆ ಚೀಟಿ ಜೊತಿ ನಿನ್ನ ರಟ್ಟೂ ಹೋಗ್ಲಿ," ಎಂದ.

ಮಾರೆಣ್ಣ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ದೀಪ ಹಾಕಿದ. ಗಂಗೋತ್ರಿ ಬಾಚಣಿಗೆಯನ್ನು ತಿರುಗಿ ಡ್ರಾಯರಿಗೆ ಇಟ್ಟಳು. ಆ ಮೂರು ಸಾಲನ್ನು ಅಂದೇ ತಿದ್ದಿದಳು: ಮೊದಲು ಲಾಟಿನಲ್ಲಿ ಇರುವ ಬಣ್ಣವನ್ನೇ ಕೈಗೆ ತಗೋ, ಏನೂ ಇಲ್ಲದಿದ್ದರೆ ಮಾತ್ರ ಅರಿಶಿಣ, ನೋಡಿ ಮುಚ್ಚಿದರೆ ಏನನ್ನೂ ಮುಟ್ಟಬೇಡ. ಜೊತೆಗೆ ಯಾರು, ಯಾವಾಗ, ಯಾವ ಗುಂಡಿ ಎಂಬುದನ್ನು ಬರೆದಿಡುವ ಒಂದು ಸಾಲನ್ನೂ ಸೇರಿಸಿದಳು. ಈ ಸಲ ನೂರು ಸಲ ಕ್ಯಾನ್ಸಲ್ ಒತ್ತಿ ನೋಡಿದಳು.

ಮಾರನೆಯ ದಿನ ಸಿರುಗುಪ್ಪದಿಂದ ಭಾಗ್ಯ ಫೋನ್ ಮಾಡಿ, "ಇದೇನವ್ವಾ, ಚೀಟಿ ಮ್ಯಾಲೆ ರಟ್ಟಿನ ತಾಳಿ ಕಟ್ಟಿ ಕಳಿಸೀರಿ?" ಎಂದು ನಕ್ಕಳು. ಬಣ್ಣ ಸರಿಯಿತ್ತು.

ಕಾರ್ತಿಕದಲ್ಲಿ ಮಾರೆಣ್ಣನ ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಅವನು ಹದಿನೇಳು ನೀಲಿಯನ್ನೂ ಸಾಲಾಗಿ ಇಟ್ಟು ನೋಡಿ, "ಮೊದಲಿಗಿಂತ ಎಲ್ಲಾ ಒಂಚೂರು ಬೆಳ್ಳಗ ಅದಾವು," ಎಂದನಂತೆ. ಹಾಗಾದರೆ ಮೊದಲು ಎಷ್ಟು ಹಳದಿಯಾಗಿ ಕಾಣುತ್ತಿದ್ದವು ಎಂದು ಯಾರೂ ಕೇಳಲಿಲ್ಲ. ಗಂಗೋತ್ರಿಯೂ ಕೇಳಲಿಲ್ಲ. ಆಷಾಢದ ಆ ಕಪ್ಪು ಲಾಟಿಗೆ ಹಳದಿ ಬಿದ್ದದ್ದು ಅವಳ ಸಾಲಿನಿಂದಲೋ ಅವನ ಕಣ್ಣಿನಿಂದಲೋ, ಅದು ಇವತ್ತಿಗೂ ಗೊತ್ತಿಲ್ಲ.